ಬಸವನಗುಡಿಯ ಸ್ವಾಮಿಯವರೂ ಸೈಕಸ್ ಬೊಡ್ಡೆಯೂ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಂ ಕಡೆ ಹಳೇ ಮನೆಗಳ ಗೇಟಿನ ಪಕ್ಕ ಒಂದು ಗಿಡ ನೋಡಿರ್ತೀರಿ. ಗಿಡ್ಡ ಬೊಡ್ಡೆ, ತಲೆ ಮೇಲೆ ಗರಿಗಳ ಕೊಡೆ. ಈಚಲ ಜಾತಿ ಅಂತಾರೆ ಜನ. ಇಂಗ್ಲಿಷಿನವರೂ ಇದನ್ನು ಸಾಗೋ ತಾಳೆ ಅಂತ ಕರೆದುಬಿಟ್ಟರು. ಈಚಲಿಗೂ ಇದಕ್ಕೂ ನೆಂಟಸ್ತನವೇ ಇಲ್ಲ. ಇದು ಸೈಕಸ್. ಹೂವಿಲ್ಲ, ಹಣ್ಣಿಲ್ಲ, ಬೀಜ ಬರಿಮೈಲೇ ಕೂರುತ್ತೆ. ಡೈನೋಸಾರ್ ಕಾಲದ ಮನೆತನ.

ನಂಬಿಕೆ ಬರದಿದ್ದರೆ ಬೊಡ್ಡೆ ಒಳಗೆ ನೋಡಬೇಕು. ಅಡಕೆ ಮರ ಸೀಳಿ ದಬ್ಬೆ ಮಾಡಿದವರಿಗೆ ಗೊತ್ತು, ಒಳಗೆಲ್ಲ ನಾರು ಚೆಲ್ಲಾಡಿದ ಹಾಗಿರುತ್ತೆ. ಆ ಒಂದೊಂದು ನಾರಿನ ಎಳೆಯೂ ನೀರು, ಆಹಾರ ಸಾಗಿಸೋ ದಾರಿ. ಸೈಕಸ್ ಹಾಗಲ್ಲ. ಹೊರಗೆ ಉದುರಿದ ಗರಿಗಳ ಬುಡವೇ ಕವಚ, ಅದರೊಳಗೆ ದಪ್ಪ ತೊಗಟೆ, ಆಮೇಲೆ ಮರದ ತೆಳ್ಳನೆ ಬಳೆ, ನಡುವೆ ಗಂಜಿ ತುಂಬಿದ ದೊಡ್ಡ ತಿರುಳು. ಕೊಯ್ದರೆ ಲೋಳೆ ಒಸರುತ್ತೆ. ಮಾವು, ಬೇವಿನ ಹಾಗೆ ಮರ ಕಟ್ಟುವ ಕೇಂಬಿಯಂ ಪದರವೂ ಇದೆ. ಆದರೆ ಅದು ಕೆಲಕಾಲ ದುಡಿದು ನಿಂತುಬಿಡುತ್ತೆ, ಅದರ ಹೊರಗೆ ತೊಗಟೆಯಲ್ಲೇ ಇನ್ನೊಂದು ಹುಟ್ಟುತ್ತೆ. ಬಳೆ ಮೇಲೆ ಬಳೆ. ವರ್ಷಕ್ಕೊಂದು ಅಂತ ಲೆಕ್ಕ ಇಲ್ಲ, ಹಾಗಾಗಿ ಬಳೆ ಎಣಿಸಿ ವಯಸ್ಸು ಹೇಳೋಕೆ ಹೋಗಬೇಡಿ.

ಇನ್ನೂ ವಿಚಿತ್ರ ಗರಿಯ ನರಗಳದ್ದು. ಗರಿ ಪೂರ್ವಕ್ಕಿದ್ದರೆ ಅದರ ಕೆಲವು ನರ ಪಶ್ಚಿಮದಿಂದ ಹೊರಟು, ತೊಗಟೆಯೊಳಗೇ ಅರ್ಧ ಸುತ್ತು ಬಳಸಿ ಬಂದು ಸೇರುತ್ತವೆ. ಹತ್ತಿರದ ದಾರಿ ಬಿಟ್ಟು ಯಾಕೆ ಬಳಸಬೇಕು ಅಂತ ನನಗೂ ಅನ್ನಿಸಿದೆ.

ನೀರಿನ ದಾರಿ ನಮ್ಮ ಕಥೆಗೆ ಮುಖ್ಯ. ಮಾವಿನ ಮರದಲ್ಲಿ ಕೋಶಗಳು ಒಂದರ ಮೇಲೊಂದು ಕೂತು, ನಡುವಿನ ಗೋಡೆ ಕರಗಿ, ಬೋರ್‌ವೆಲ್ ಪೈಪಿನ ಹಾಗೆ ಉದ್ದ ಕೊಳವೆ ಆಗುತ್ತೆ. ಸೈಕಸ್‌ನಲ್ಲಿ ಈ ಕೊಳವೆ ಇಲ್ಲ. ಎರಡೂ ತುದಿ ಮುಚ್ಚಿದ ಕದಿರಿನಂಥ ಕೋಶಗಳು, ಪಕ್ಕದ ಗೋಡೆಯ ಸಣ್ಣ ಕುಳಿಗಳಿಂದ ಒಂದರಿಂದ ಇನ್ನೊಂದಕ್ಕೆ ನೀರು ಜಿನುಗಬೇಕು. ಪೈನ್ ಮರದ್ದೂ ಇದೇ ಪಾಡು. ಹೂ ಬಿಡುವ ಗಿಡಗಳಿಗೆ ಕೊಳವೆ ಯಾವಾಗ ಬಂತು ಅನ್ನೋದು ಪಂಡಿತರ ದೊಡ್ಡ ಪ್ರಶ್ನೆಯಾಗಿತ್ತು.

ಅದಕ್ಕೆ ಕೈ ಹಾಕಿದವರಲ್ಲಿ ಒಬ್ಬರು ಬಸವನಗುಡಿಯವರೇ, ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ. ನಮಗೆಲ್ಲ 'ಹಸುರು ಹೊನ್ನು' ಬರೆದವರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸಿ ನಗಿಸಿ ಗಿಡ ಕಲಿಸಿದ ಮನುಷ್ಯ. ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರೊಫೆಸರ್. ಅವರ ವಿಜ್ಞಾನ ಮಾತ್ರ ನಮ್ಮ ಕನ್ನಡದಲ್ಲಿ ಯಾರ ಬಾಯಲ್ಲೂ ಇಲ್ಲ, ಅದೇ ಬೇಜಾರು.

1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಸೈಕಸ್‌ನ ಜೀವನಚರಿತ್ರೆಯನ್ನು ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಹಾರ್ವರ್ಡ್‌ನ ಬೈಲಿಯವರ ಜೊತೆ ಸೇರಿ ಆಂಬೊರೆಲ್ಲಾ ಅನ್ನೋ ಗಿಡದ ಬಗ್ಗೆ ಬರೆದರು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದ ಗಿಡ. ಹೂ ಬಿಡುತ್ತೆ, ಆದರೆ ಸೈಕಸ್ ಥರಾನೇ ಒಳಗೆ ಕೊಳವೆ ಇಲ್ಲ! 1999ರಲ್ಲಿ ಡಿಎನ್‌ಎ ನೋಡಿದವರು ಹೇಳಿದ್ದೇನು ಗೊತ್ತಾ? ಈಗ ಬದುಕಿರೋ ಹೂಗಿಡಗಳಲ್ಲಿ ಎಲ್ಲರಿಗಿಂತ ಮೊದಲು ಬೇರೆಯಾದ ಕವಲು ಆಂಬೊರೆಲ್ಲಾದ್ದೇ.

ಸ್ವಾಮಿಯವರು 1980ರಲ್ಲಿ ತೀರಿಕೊಂಡರು. 2008ರಲ್ಲಿ ದಕ್ಷಿಣ ಕರ್ನಾಟಕದ ಒಂದು ಸೈಕಸ್ಸನ್ನು ಹೊಸ ಜಾತಿ ಅಂತ ಗುರುತಿಸಿ 'ಸೈಕಸ್ ಸ್ವಾಮಿಯೈ' ಅಂತ ಹೆಸರಿಟ್ಟರು.

ದನ ಕಟ್ಟಿದವರಿಗೆ ಒಂದು ಮಾತು. ಈ ಗಿಡದ ಎಲೆ, ಬೀಜ, ತಿರುಳು ಎಲ್ಲದರಲ್ಲೂ ವಿಷ ಇದೆ. ಸೈಕಸ್ ಕುಲದ ಎಲೆ ಮೇಯ್ದ ದನಗಳ ಹಿಂಗಾಲು ಸ್ವಾಧೀನ ತಪ್ಪೋದು ಆಸ್ಟ್ರೇಲಿಯಾದಲ್ಲಿ ಹಳೇ ಕಾಯಿಲೆ. ಮದುವೆ ಚಪ್ಪರಕ್ಕೆ ಕಟ್ಟಿದ ಗರೀನ ಮಾರನೇ ದಿನ ಕೊಟ್ಟಿಗೆಗೆ ಹಾಕಬೇಡಿ.