ಅಂಡರ್‌ಟೇಕರ್ ಕಾಲ

೨೦೧೪ರ ಮಾರ್ಚಿನಲ್ಲಿ ಬ್ಲಿಜಾರ್ಡ್‌ನವರ ಹಾರ್ತ್‌ಸ್ಟೋನ್ ಬಂದಾಗ ನಾನಿನ್ನೂ ಕಾಲೇಜು ಹುಡುಗ. ನಾವೇ ಆರಿಸಿ ಕಟ್ಟಿದ ೩೦ ಎಲೆಗಳ ಡೆಕ್, ಇಬ್ಬರಿಗೂ ೩೦ ಪ್ರಾಣ. ಎಲೆ ಇಳಿಸಲು ಬೇಕಾದ ಮಾನಾ ಸರದಿಗೊಂದರಂತೆ ಹತ್ತರವರೆಗೆ ಏರುತ್ತದೆ. ನನ್ನದು ಕಾಯುವ ಡೆಕ್. ವಾರಿಯರ್ ಹಿಡಿದು ಕವಚ ಪೇರಿಸುತ್ತಾ, ದೊಡ್ಡ ಎಲೆಗಳ ಸರದಿ ಬರೋ ತನಕ ಏಟು ತಿಂದು ನಿಲ್ಲುವುದು.

ಅದೇ ಜುಲೈನಲ್ಲಿ ನಾಕ್ಸ್‌ರಾಮಸ್ ಬಂತು, ಜೊತೆಗೆ ಅಂಡರ್‌ಟೇಕರ್. ಬೆಲೆ ಒಂದು ಮಾನಾ, ಶಕ್ತಿ ೧, ಪ್ರಾಣ ೨. ನೋಡೋಕೆ ಬಡಪಾಯಿ! ಆದರೆ ಸತ್ತಾಗ ಫಲ ಕೊಡುವ ಡೆತ್‌ರ‍್ಯಾಟಲ್ ಎಲೆ ಇಳಿಸಿದಾಗಲೆಲ್ಲ ಅದರ ಶಕ್ತಿ, ಪ್ರಾಣ ಎರಡೂ ಒಂದೊಂದು ಏರುತ್ತಿದ್ದವು. ನಾನು ಕಣ್ಣು ಬಿಡುವಷ್ಟರಲ್ಲಿ ಹಂಟರ್ ಡೆಕ್‌ನವರು ಆಟ ಮುಗಿಸಿರುತ್ತಿದ್ದರು.

ತಪ್ಪೆಲ್ಲ ಆ ಒಂದು ಎಲೆಯದ್ದು ಅಂತ ನನಗನ್ನಿಸುವುದಿಲ್ಲ. ೧೯೯೩ರ ಮ್ಯಾಜಿಕ್ ಆಟದಲ್ಲಿ ದಾಳಿಗೆ ಯಾರನ್ನು ಅಡ್ಡ ನಿಲ್ಲಿಸಬೇಕು ಅಂತ ತೀರ್ಮಾನಿಸುವವನು ಏಟು ತಿನ್ನುವವನು. ಹಾರ್ತ್‌ಸ್ಟೋನಿನಲ್ಲಿ ಯಾರಿಗೆ ಹೊಡೆಯಬೇಕು ಅಂತ ಹೊಡೆಯುವವನೇ ಆರಿಸುತ್ತಾನೆ. ಟಾಂಟ್ ಇರುವ ಎಲೆ ಎದುರಿದ್ದರೆ ಮಾತ್ರ ಮೊದಲು ಅದನ್ನು ಕೆಡವಬೇಕು. ನಿಯಮವೇ ದಾಳಿಯ ಕಡೆ ವಾಲಿದೆ ಅಲ್ವಾ? ಸಾಲದ್ದಕ್ಕೆ, ಬೇಗ ಮುಗಿಯುವ ಡೆಕ್ಕಿನಲ್ಲಿ ಒಂದು ಸಂಜೆಗೆ ಹೆಚ್ಚು ಆಟ. ರ‍್ಯಾಂಕ್ ಏರುವವರಿಗೆ ಇನ್ನೇನು ಬೇಕು...

೨೦೧೫ರ ಜನವರಿ ಕೊನೆಗೆ ಅಂಡರ್‌ಟೇಕರ್ ಬದಲಾಯಿತು. ಶಕ್ತಿ ಮಾತ್ರ ಏರಬೇಕು, ಪ್ರಾಣ ಎರಡೇ. ಇನ್ನು ಅದು ಎಷ್ಟೇ ಬೆಳೆದರೂ ವಾರಿಯರ್‌ನ ಕೊಡಲಿಯ ಒಂದೇಟಿಗೆ ಸಾಯುತ್ತಿತ್ತು. ನಾನು ಕಾದಿದ್ದು ಇದಕ್ಕೇ. ಆದರೆ ಅಷ್ಟರಲ್ಲಿ ನಾನೂ ಕವಚ ಕಳಚಿಟ್ಟು ಹಂಟರ್ ಆಡಲು ಶುರು ಮಾಡಿಬಿಟ್ಟಿದ್ದೆ :)