ಚಿನ್ನದ ಗಣಿಯಲ್ಲಿ ಪ್ರೋಟಾನಿನ ಪರೀಕ್ಷೆ



ಬಂಗಾರಪೇಟೆಯಲ್ಲಿ ನನ್ನ ಬಳಿ ವಿಜ್ಞಾನ ಕಲಿತ ವಿದ್ಯಾರ್ಥಿನಿಯೊಬ್ಬಳು ಈಗ ಅಂತರ್ಜಾಲದ ಮೂಲಕ ಸಂಶೋಧನಾ ಗೋಷ್ಠಿಯೊಂದನ್ನು ನಡೆಸುತ್ತಿದ್ದಾಳೆ. ಒಬ್ಬರು ಪ್ರಬಂಧ ಮಂಡಿಸುವುದು, ಉಳಿದವರು ಅದರ ಕುಂದುಕೊರತೆಗಳನ್ನು ತಿಳಿಸುವುದು. "ಮೇಷ್ಟ್ರೇ, ಆಕ್ಷೇಪಿಸಿದರೆ ಮಂಡಿಸಿದವರ ಮುಖ ಬಾಡುತ್ತದೆ, ಬರಿದೆ ಹೊಗಳಿದರೆ ಕೆಲಸ ಮುಂದೆ ಸಾಗದು. ಏನು ಮಾಡಲಿ?" ಎಂದು ಕೇಳಿದ್ದಾಳೆ. ಇದಕ್ಕೆ ಉತ್ತರ ನಮ್ಮ ಮಗ್ಗುಲಲ್ಲಿಯೇ, ಕೋಲಾರ ಚಿನ್ನದ ಗಣಿಯ ಆಳದಲ್ಲಿದೆ.

ಗಣಿಯೊಳಗೆ ಚಿನ್ನವನ್ನಲ್ಲದೆ ವಿಶ್ವಕಿರಣಗಳನ್ನೂ ಹುಡುಕಿದವರಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪರವಾಗಿ ಇಲ್ಲಿ ಅಳತೆಗಳನ್ನು ಪ್ರಾರಂಭಿಸಿದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ದೊರೆಯಿತು. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿದ್ವಾಂಸರೂ ಜೊತೆಗಿದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಇದೇ ಶೋಧ ನಡೆಯಿತು.

ನಾನು ಹೇಳಹೊರಟದ್ದು ಅದರ ಮುಂದಿನ ಕಥೆ. ಪ್ರೋಟಾನ್ ಚಿರಂತನವಲ್ಲ, ಎಂದಾದರೂ ಒಡೆಯುತ್ತದೆ ಎಂಬ ಸಿದ್ಧಾಂತ 1970ರ ದಶಕದಲ್ಲಿ ಬಂದಿತ್ತು. ಅದನ್ನು ಪರೀಕ್ಷಿಸಲು 1980ರಲ್ಲಿ ನಮ್ಮವರು ಗಣಿಯೊಳಗೆ 140 ಟನ್ ತೂಕದ, ಕಬ್ಬಿಣದ ಪದರಗಳ ಉಪಕರಣವನ್ನು ನಿಲ್ಲಿಸಿದರು. ಮರುವರ್ಷವೇ ಪ್ರೋಟಾನ್ ಒಡೆದಂತೆ ತೋರುವ ಕೆಲವು ಘಟನೆಗಳನ್ನು ಪ್ರಕಟಿಸಿದರು. ಆದರೆ ಶೀರ್ಷಿಕೆಯಲ್ಲಿ ಅವನ್ನು "ಅಭ್ಯರ್ಥಿ" ಘಟನೆಗಳೆಂದೇ ಕರೆದರು. ಆ ಒಂದು ಪದಕ್ಕಾಗಿ ನಾನು ಅವರಿಗೆ ಕೈಮುಗಿಯುತ್ತೇನೆ. ಒಪ್ಪಿಸಬೇಕಾದದ್ದು ಇನ್ನೂ ಇದೆ ಎಂಬ ಮಾತು ಅದರಲ್ಲಿದೆ.

1982ರ ಜನವರಿಯಲ್ಲಿ ಇದೇ ವಿಷಯದ ಅಂತರರಾಷ್ಟ್ರೀಯ ಗೋಷ್ಠಿಯನ್ನು ಅವರೇ ಮುಂಬಯಿಯಲ್ಲಿ ನಡೆಸಿದರು. ಆ ವರ್ಷಗಳಲ್ಲಿ ಎದ್ದ ಆಕ್ಷೇಪಗಳು ಖಚಿತವಾಗಿದ್ದವು. ಕಣದ ಹಾದಿ ಪೂರ್ತಿಯಾಗಿ ಉಪಕರಣದೊಳಗೇ ಇತ್ತೇ, ಅಂಚಿನಿಂದ ನುಸುಳಿತೇ? ನ್ಯೂಟ್ರಿನೋವೊಂದು ಕಬ್ಬಿಣಕ್ಕೆ ಬಡಿದರೂ ಇಂಥದೇ ಚಿತ್ರ ಮೂಡದೇ? "ನಿಮ್ಮದು ತಪ್ಪು" ಎಂಬುದಕ್ಕೂ "ಇದನ್ನು ಹೇಗೆ ಬೇರ್ಪಡಿಸುವಿರಿ?" ಎಂಬುದಕ್ಕೂ ಅಜಗಜಾಂತರ. ಎರಡನೆಯದು ಮಂಡಿಸಿದವನ ಕೈಗೆ ಮುಂದಿನ ಕೆಲಸವನ್ನು ಕೊಡುತ್ತದೆ. ಗೋಷ್ಠಿಯನ್ನು ನಡೆಸುವವಳು ಮೊದಲನೆಯದನ್ನು ಎರಡನೆಯದಾಗಿ ತಿರುಗಿಸಬೇಕು, ಇಷ್ಟೇ.

ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರಿಟ್ಟು ನೋಡಿದವರಿಗೆ ಪ್ರೋಟಾನ್ ಒಡೆದದ್ದು ಕಾಣಲಿಲ್ಲ. ನಮ್ಮವರು 1985ರಲ್ಲಿ ಇನ್ನೂ ದೊಡ್ಡದಾದ ಎರಡನೆಯ ಉಪಕರಣವನ್ನು ನಿಲ್ಲಿಸಿ 1990ರ ದಶಕದ ಆರಂಭದವರೆಗೂ ಅಳೆದರು. ಪ್ರೋಟಾನ್ ಒಡೆದದ್ದನ್ನು ಇಂದಿಗೂ ಯಾರೂ ಖಚಿತವಾಗಿ ಕಂಡಿಲ್ಲ.

ಆಕ್ಷೇಪಕರು ಅಡ್ಡಿಯೆಂದು ತೋರಿಸಿದ ಆ ನ್ಯೂಟ್ರಿನೋಗಳ ಗತಿಯೇ ಸ್ವಾರಸ್ಯದ್ದು. ಜಪಾನಿನ ಸೂಪರ್ ಕಾಮಿಯೋಕಾಂಡೆ ಅವನ್ನೇ ಎಣಿಸಿ, ನ್ಯೂಟ್ರಿನೋಗೆ ದ್ರವ್ಯರಾಶಿಯುಂಟು ಎಂಬುದಕ್ಕೆ 1998ರಲ್ಲಿ ಸಾಕ್ಷ್ಯ ಕೊಟ್ಟಿತು. 2015ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಸಂದಿತು. ಅಷ್ಟರಲ್ಲಿ, 2001ರಲ್ಲಿಯೇ, ನಮ್ಮ ಗಣಿ ಮುಚ್ಚಿತ್ತು.