ಮೈಸೂರಿನ ಹೆರಿಗೆ ದಾಖಲೆಗಳು ಮತ್ತು ನಮ್ಮ ಹೊಟ್ಟೆಯ ಬೊಜ್ಜು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಷನರಿಗಳು ಹೆಂಗಸರು ಮತ್ತು ಮಕ್ಕಳಿಗಾಗಿ ಕಟ್ಟಿದ ಆಸ್ಪತ್ರೆ ಅದು. 1934ರಿಂದ ಅಲ್ಲಿ ಒಂದು ಶಿಸ್ತು ನಡೆದುಬಂತು. ಮಗು ಹುಟ್ಟಿದ ಕೂಡಲೇ ಅದರ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಅಳೆದು ಬರೆದಿಡುತ್ತಿದ್ದರು. ಹೆಚ್ಚಿನ ಭಾರತೀಯರಿಗೆ ಹುಟ್ಟಿದ ತಾರೀಕೇ ಸರಿಯಾಗಿ ಗೊತ್ತಿರದಿದ್ದ ಕಾಲದಲ್ಲಿ ಮೈಸೂರಿನ ಸಾವಿರಾರು ಮಕ್ಕಳ ಹುಟ್ಟಿನ ತೂಕ ಪೌಂಡು ಲೆಕ್ಕದಲ್ಲಿ ದಾಖಲಾಗಿ ಉಳಿಯಿತು.

ಆ ದಾಖಲೆಗಳು ಅರ್ಧ ಶತಮಾನ ಕಪಾಟಿನಲ್ಲಿದ್ದವು. ಆಮೇಲೆ ಅವು ಹೇಳಿದ ಕಥೆ ಬೊಜ್ಜಿನ ಬಗ್ಗೆ ನಾವು ನಂಬಿಕೊಂಡು ಬಂದಿದ್ದ ಬಹಳಷ್ಟನ್ನು ಅಲುಗಾಡಿಸಿತು. ಬೊಜ್ಜು ಎಂದರೆ ಉಂಡವರ ಕಾಯಿಲೆ, ನಾಲಿಗೆ ಹಿಡಿತದಲ್ಲಿಲ್ಲದವರ ಕಾಯಿಲೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಹಸಿವು ಒಂದು ತುದಿ, ಬೊಜ್ಜು ಇನ್ನೊಂದು ತುದಿ. ಆದರೆ ನಮ್ಮ ದೇಶದ ಮಟ್ಟಿಗೆ ಇವೆರಡೂ ಒಂದೇ ಮನೆಯ ಅಕ್ಕತಂಗಿಯರು ಎಂಬುದನ್ನು ಕಳೆದ ಮೂವತ್ತು ವರ್ಷಗಳಲ್ಲಿ ಮೈಸೂರು, ಪುಣೆ, ದೆಹಲಿ, ಹೈದರಾಬಾದ್, ಮುಂಬೈಗಳಲ್ಲಿ ನಡೆದ ಕೆಲಸ ಒಂದೊಂದಾಗಿ ತೋರಿಸಿಕೊಟ್ಟಿದೆ.

ಕೊರತೆಯ ಶಾಸ್ತ್ರ

ಭಾರತದಲ್ಲಿ ಪೋಷಣೆಯ ವಿಜ್ಞಾನ ಹುಟ್ಟಿದ್ದೇ ಕೊರತೆಯ ಕಾಯಿಲೆಗಳಿಂದ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ಕಾಯಿಲೆಯ ವಿಚಾರಣೆ ಶುರುಮಾಡಿದ. ತೌಡು ಕಳೆದ ಬಿಳಿ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬರುತ್ತಿದ್ದ ಕಾಯಿಲೆ ಅದು. ಆ ಸಣ್ಣ ಪ್ರಯೋಗಾಲಯವೇ ಮುಂದೆ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಈಗ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೆಕ್‌ಕ್ಯಾರಿಸನ್ ನಂತರ ಬಂದ ವಾಲೇಸ್ ಐಕ್ರಾಯ್ಡ್ 1937ರಲ್ಲಿ ನಮ್ಮ ಅಕ್ಕಿ, ರಾಗಿ, ಬೇಳೆ, ಸೊಪ್ಪುಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಪಟ್ಟಿಯನ್ನು ಪ್ರಕಟಿಸಿದ. ಬಂಗಾಳದ ಕ್ಷಾಮದ ವಿಚಾರಣಾ ಆಯೋಗದಲ್ಲಿ ಸದಸ್ಯನಾಗಿದ್ದವನೂ ಅವನೇ.

ಬೆರಿಬೆರಿ, ಇರುಳುಗಣ್ಣು, ರಕ್ತಹೀನತೆ, ಕ್ವಾಷಿಯೋರ್ಕರ್: ಆ ತಲೆಮಾರಿನ ಎದುರಿಗಿದ್ದದ್ದು ಇವು. ಬೊಜ್ಜಿನ ಚಿಂತೆಗೆ ಜಾಗವೇ ಇರಲಿಲ್ಲ. ಮಾತಿನಲ್ಲೂ ಹಾಗೆಯೇ. "ಮೈಕೈ ತುಂಬಿಕೊಂಡಿದ್ದಾಳೆ" ಎಂಬುದು ಹೊಗಳಿಕೆ, "ಸೊರಗಿದ್ದೀಯಲ್ಲೋ" ಎಂಬುದು ಕಳವಳ. ಸರ್ಕಾರದ ನೀತಿಯೂ ಇದೇ ತರ್ಕದಲ್ಲಿ ನಡೆಯಿತು. ಹೊಟ್ಟೆ ತುಂಬಿಸುವುದು ಮೊದಲು. ಅಕ್ಕಿ, ಗೋಧಿ, ಸಕ್ಕರೆ ಪಡಿತರ ಅಂಗಡಿಗೆ ಬಂದವು. ಬೇಳೆ, ಸೊಪ್ಪು, ಹಾಲು, ಹಣ್ಣು ಅವರವರ ಕೈಲಾದಷ್ಟು. ಕ್ಷಾಮವನ್ನು ಕಂಡ ದೇಶಕ್ಕೆ ಅದು ಸಹಜವಾದ ಆಯ್ಕೆ. ಆದರೆ ಹೊಟ್ಟೆ ತುಂಬುವುದೂ ಮೈ ಬೆಳೆಯುವುದೂ ಒಂದೇ ಅಲ್ಲ ಎಂಬ ವಿಷಯ ಆ ಲೆಕ್ಕದಲ್ಲಿ ಹಿಂದೆ ಬಿತ್ತು.

ಮನೆ ಮನೆ ಹುಡುಕಿದಾಗ

1980ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ಹರ್ಟ್‌ಫರ್ಡ್‌ಷೈರ್ ಜಿಲ್ಲೆಯ ಹಳೆಯ ಶಿಶು ದಾಖಲೆಗಳನ್ನು ಹೊರತೆಗೆಸಿದ. ಹುಟ್ಟುವಾಗಲೂ ಒಂದು ವರ್ಷ ತುಂಬಿದಾಗಲೂ ಕಡಿಮೆ ತೂಗುತ್ತಿದ್ದವರೇ ಮುಂದೆ ಹೃದಯದ ಕಾಯಿಲೆಯಿಂದ ಹೆಚ್ಚಾಗಿ ಸತ್ತಿದ್ದರು. ತಾಯಿಯ ಗರ್ಭದಲ್ಲಿ ಕೊರತೆ ಉಂಡ ಮಗು ಇದ್ದುದರಲ್ಲೇ ಮಿದುಳನ್ನು ಕಾಪಾಡಿಕೊಂಡು, ಸ್ನಾಯು ಮತ್ತು ಇತರ ಅಂಗಗಳ ಬೆಳವಣಿಗೆಯಲ್ಲಿ ಉಳಿತಾಯ ಮಾಡುತ್ತದೆ, ಆ ಉಳಿತಾಯದ ಬೆಲೆಯನ್ನು ನಡುವಯಸ್ಸಿನಲ್ಲಿ ತೆರುತ್ತದೆ ಎಂಬುದು ಅವನ ವಾದ. ಅನೇಕರು ಇದನ್ನು ಒಪ್ಪಲಿಲ್ಲ. ಬಡತನದಲ್ಲಿ ಹುಟ್ಟಿದವರು ಬಡವರಾಗಿಯೇ ಬೆಳೆದು, ಅದೇ ಕಾರಣಕ್ಕೆ ಬೇಗ ಸತ್ತಿರಬಾರದೇಕೆ ಎಂದು ಕೇಳಿದರು. ಬೇರೆ ದೇಶದ, ಬೇರೆ ಬದುಕಿನ ದಾಖಲೆಗಳು ಬೇಕಾದವು.

ಮೈಸೂರಿನ ಕಪಾಟು ತೆರೆದದ್ದು ಆಗ. ಬಾರ್ಕರ್‌ನ ಸಹೋದ್ಯೋಗಿ ಕ್ಯಾರೋಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆ ಮನೆ ಸುತ್ತಿ, ಅಲ್ಲೇ ಹುಟ್ಟಿ ಇನ್ನೂ ಅಲ್ಲೇ ನೆಲೆಸಿದ್ದವರನ್ನು ಹುಡುಕಿ, ಹಳೆಯ ದಾಖಲೆಗಳಿಗೆ ತಾಳೆ ಹಾಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಜನರ ಹೃದಯ ಪರೀಕ್ಷೆಯ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯ ಕಾಯಿಲೆ ಶೇ. 11ರಷ್ಟಿತ್ತು. ಏಳು ಪೌಂಡು ದಾಟಿದವರಲ್ಲಿ ಶೇ. 3.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಮೈಸೂರು ಇಂಗ್ಲೆಂಡಿನ ಮಾತನ್ನು ಹಾಗೆಯೇ ಒಪ್ಪಿಸಲಿಲ್ಲ. ಇಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದ ಮಕ್ಕಳಲ್ಲಿ. ಅವರ ತಾಯಂದಿರೂ ಉಳಿದವರಿಗಿಂತ ಹೆಚ್ಚು ತೂಕದವರು. ಹಾಗಾದರೆ ಬಸುರಿನಲ್ಲಿ ತಾಯಿಗೆ ಗೊತ್ತಾಗದಂತೆ ಸಕ್ಕರೆ ಏರಿದ್ದಿರಬಹುದೇ? ಇದನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ತಪಾಸಣೆ ಮಾಡಿ, ಅವರ ಮಕ್ಕಳನ್ನು ವರ್ಷ ವರ್ಷವೂ ಅಳೆಯುತ್ತಾ ಹೋದರು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವರ್ಷಕ್ಕಾಗಲೇ ಹೆಚ್ಚು ಕೊಬ್ಬು ಕಂಡುಬಂತು. ಆ ಹೆಣ್ಣುಮಗು ನಾಳೆ ತಾನೂ ತಾಯಿಯಾಗುವವಳು. ಹೀಗೆ ಒಂದು ತಲೆಮಾರಿನ ಸಕ್ಕರೆ ಮುಂದಿನ ತಲೆಮಾರಿಗೆ ದಾಟುವ ದಾರಿಯೊಂದು ಕಣ್ಣಿಗೆ ಬಿತ್ತು.

ತೆಳ್ಳಗಿದ್ದೂ ಕೊಬ್ಬಿದ ಮಗು

ಇದೇ ಹೊತ್ತಿಗೆ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇನ್ನೊಂದು ತುದಿಯಿಂದ ಬರುತ್ತಿದ್ದರು. ಅವರ ಬಳಿ ಬರುತ್ತಿದ್ದ ಸಕ್ಕರೆ ಕಾಯಿಲೆಯವರು ಪಾಶ್ಚಾತ್ಯ ಪುಸ್ತಕಗಳು ಹೇಳಿದಷ್ಟು ದಪ್ಪಗಿರಲಿಲ್ಲ, ಅಷ್ಟು ವಯಸ್ಸಾದವರೂ ಅಲ್ಲ. 1993ರಲ್ಲಿ ಅವರು ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನ ಆರಂಭಿಸಿದರು. ಹೊಲದ ಕೆಲಸ, ನೀರು ಹೊರುವ ಕೆಲಸ ಮಾಡುತ್ತಿದ್ದ, ಬಡಕಲು ಮೈಯ ಹೆಂಗಸರು ಅವರು.

ಆ ಮಕ್ಕಳ ಸರಾಸರಿ ತೂಕ 2.7 ಕಿಲೋ. ಸೌತಾಂಪ್ಟನ್ನಿನ ಮಕ್ಕಳದು 3.5 ಕಿಲೋ. ಪುಣೆಯ ಮಗು ಎಲ್ಲ ಅಳತೆಯಲ್ಲೂ ಚಿಕ್ಕದು. ಹೊಟ್ಟೆಯ ಸುತ್ತಳತೆ ಬಹಳ ಕಡಿಮೆ, ತೋಳಿನಲ್ಲಿ ಮಾಂಸ ಕಡಿಮೆ. ಆದರೆ ಭುಜದ ಮೂಳೆಯ ಕೆಳಗೆ ಬೆನ್ನಿನ ಚರ್ಮವನ್ನು ಮಡಿಸಿ ಅಳೆದಾಗ ವ್ಯತ್ಯಾಸ ತೀರಾ ಸಣ್ಣದಾಗಿತ್ತು. ಅಂದರೆ ಕೊರತೆಯ ನಡುವೆಯೂ ಕೊಬ್ಬು ಮಾತ್ರ ಉಳಿದುಕೊಂಡಿತ್ತು. ಮೈಸೂರಿನ ಮಕ್ಕಳಲ್ಲೂ ಇದೇ ಮಾದರಿ ಕಂಡಿತು. ಯಾಜ್ಞಿಕ್ ಇದಕ್ಕೆ "ತೆಳ್ಳಗಿದ್ದೂ ಕೊಬ್ಬಿದ" ಭಾರತೀಯ ಮಗು ಎಂದು ಹೆಸರಿಟ್ಟರು.

2004ರಲ್ಲಿ ಅವರು ಲಂಡನ್ನಿನ ಜಾನ್ ಯುಡ್ಕಿನ್ ಜೊತೆ ನಿಂತ ಒಂದು ಫೋಟೋ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತೂಕದ ಅನುಪಾತವಾದ ಬಿಎಂಐ ಇಬ್ಬರದೂ ಒಂದೇ, 22.3. ಎರಡೂ ದೇಹಗಳು ಪುಸ್ತಕದ ಪ್ರಕಾರ ಆರೋಗ್ಯವಂತ. ಒಳಗೆ ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತಕ್ಕಡಿಯ ಮುಳ್ಳು ನಮ್ಮ ಬಗ್ಗೆ ಪೂರ್ತಿ ನಿಜ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿರಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು 25ರ ಬದಲು 23ಕ್ಕೇ ಎಚ್ಚರಗೊಳ್ಳಬೇಕು ಎಂದರು. 2009ರಲ್ಲಿ ಭಾರತೀಯ ತಜ್ಞರು 25 ದಾಟಿದರೆ ಬೊಜ್ಜು ಎಂದೂ, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದೆಂದೂ ನಿಗದಿ ಮಾಡಿದರು.

ಹುಟ್ಟಿನಿಂದ ನಡುವಯಸ್ಸಿನವರೆಗೆ ನಡುವೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ದೆಹಲಿ. ದಕ್ಷಿಣ ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಡಾ. ಸಂತೋಷ್ ಭಾರ್ಗವ ಮತ್ತು ಸಂಗಡಿಗರು ಮತ್ತೆ ಮತ್ತೆ ಅಳೆದಿಟ್ಟಿದ್ದರು. ಆ ಮಕ್ಕಳು ಮೂವತ್ತರ ಹತ್ತಿರ ಬಂದಾಗ ನೋಡಿದರೆ, ಸಕ್ಕರೆಯ ತೊಂದರೆ ಶುರುವಾಗಿದ್ದವರು ಎರಡು ವರ್ಷದವರೆಗೆ ಸಣಕಲಾಗಿದ್ದವರು. ಆಮೇಲೆ ಅವರ ತೂಕ ಬೇಗ ಬೇಗ ಏರುತ್ತಾ ಹೋಗಿತ್ತು. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನ ಗೆರೆ ದಾಟಿರಲಿಲ್ಲ. ಶಾಲೆಯ ಫೋಟೋದಲ್ಲಿ ಅವರನ್ನು ಯಾರೂ ದಪ್ಪ ಎಂದು ಗುರುತಿಸುತ್ತಿರಲಿಲ್ಲ.

ತಡೆಯಬಹುದೇ?

ಇಲ್ಲಿಗೆ ಬಂದಾಗ ಕೈಚೆಲ್ಲುವ ಮನಸ್ಸಾಗುವುದು ಸಹಜ. ಎಲ್ಲವೂ ಗರ್ಭದಲ್ಲೇ ತೀರ್ಮಾನವಾಗಿದ್ದರೆ ಈಗ ಸೊಪ್ಪು ತಿಂದು, ವಾಕಿಂಗ್ ಹೋಗಿ ಏನು ಪ್ರಯೋಜನ? ಇದಕ್ಕೆ ಉತ್ತರ ಮೂರು ಊರುಗಳಿಂದ ಬಂದಿದೆ.

ಮೊದಲನೆಯದು ಹೈದರಾಬಾದ್ ಬಳಿಯ ಹಳ್ಳಿಗಳು. 1987ರಿಂದ 1990ರವರೆಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಲ್ಲಿ ಒಂದು ಪ್ರಯೋಗ ನಡೆಸಿತು. ಕೆಲವು ಹಳ್ಳಿಗಳಲ್ಲಿ ಗರ್ಭಿಣಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ದಿನಾ ಮೆಕ್ಕೆಜೋಳ-ಸೋಯಾ ಹಿಟ್ಟಿನ ಉಪ್ಪಿಟ್ಟು ಸಿಗುತ್ತಿತ್ತು. ಪಕ್ಕದ ಕೆಲವು ಹಳ್ಳಿಗಳಿಗೆ ಆ ಯೋಜನೆ ಇನ್ನೂ ಬಂದಿರಲಿಲ್ಲ. ಹದಿನೈದು ವರ್ಷಗಳ ನಂತರ ಹೋಗಿ ನೋಡಿದಾಗ ಉಪ್ಪಿಟ್ಟು ತಿಂದ ಹಳ್ಳಿಗಳ ಹುಡುಗ ಹುಡುಗಿಯರು ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರವಿದ್ದರು. ಅವರ ಮೈಗೆ ಇನ್ಸುಲಿನ್ ಹೆಚ್ಚು ಚೆನ್ನಾಗಿ ಒಗ್ಗುತ್ತಿತ್ತು, ರಕ್ತನಾಳಗಳು ಹೆಚ್ಚು ಮೃದುವಾಗಿದ್ದವು. ಅವರ ಮೈಯ ಕೊಬ್ಬು ಹೆಚ್ಚಿರಲಿಲ್ಲ. ಒಂದು ತಟ್ಟೆ ಅಂಗನವಾಡಿ ಊಟ ಬರೀ ಹಸಿವಿನ ಔಷಧಿಯಲ್ಲ ಎಂದು ಹೇಳಲು ಇಷ್ಟು ಸಾಕು.

ಎರಡನೆಯದು ಮುಂಬೈ. ಪುಣೆಯ ಹಳ್ಳಿಗಳಲ್ಲಿ ಇನ್ನೂ ಒಂದು ಸಂಗತಿ ಸಿಕ್ಕಿತ್ತು. ತಾಯಂದಿರು ಒಟ್ಟು ಎಷ್ಟು ಅನ್ನ-ರೊಟ್ಟಿ ತಿಂದರು ಎಂಬುದಕ್ಕಿಂತ ಹಸಿರು ಸೊಪ್ಪು, ಹಣ್ಣು, ಹಾಲನ್ನು ಎಷ್ಟು ಸಲ ತಿಂದರು ಎಂಬುದಕ್ಕೂ ಮಗುವಿನ ಬೆಳವಣಿಗೆಗೂ ಹತ್ತಿರದ ನಂಟಿತ್ತು. ಇದನ್ನು ಹಿಡಿದು ಡಾ. ರಮೇಶ್ ಪೋತದಾರ್ ಮತ್ತು ಸಂಗಡಿಗರು ಮುಂಬೈಯ ಕೊಳೆಗೇರಿಗಳ 6,500ಕ್ಕೂ ಹೆಚ್ಚು ಹೆಂಗಸರಿಗೆ ಬಸುರಾಗುವ ಮೊದಲಿನಿಂದಲೇ ದಿನಾ ಒಂದು ತಿಂಡಿ ಕೊಟ್ಟರು. ಅರ್ಧದಷ್ಟು ಜನರ ತಿಂಡಿಯಲ್ಲಿ ಸೊಪ್ಪು, ಹಣ್ಣು, ಹಾಲು. ಉಳಿದವರದರಲ್ಲಿ ಆಲೂಗಡ್ಡೆ, ಈರುಳ್ಳಿಯಂಥವು. ಮಕ್ಕಳ ತೂಕದಲ್ಲಿ ಒಟ್ಟಾರೆ ದೊಡ್ಡ ಬದಲಾವಣೆ ಕಾಣಲಿಲ್ಲ. ಬಸುರಾಗುವುದಕ್ಕೆ ಮೂರು ತಿಂಗಳಿಗಿಂತ ಮೊದಲೇ ತಿನ್ನಲು ತೊಡಗಿದವರ ಮಕ್ಕಳು ಮಾತ್ರ ಸುಮಾರು 48 ಗ್ರಾಂ ಹೆಚ್ಚು ತೂಗಿದವು. ಹೆಚ್ಚು ಮುಖ್ಯವಾದದ್ದು ಬೇರೆ ಕಡೆ ಇತ್ತು: ಗರ್ಭಿಣಿಯರ ಸಕ್ಕರೆ ಕಾಯಿಲೆ ಶೇ. 12.4ರಿಂದ ಶೇ. 7.3ಕ್ಕೆ ಇಳಿಯಿತು. ಮೈಸೂರಿನಲ್ಲಿ ಕಂಡ ಆ ದಾಟುವ ದಾರಿಯನ್ನು ದಿನಕ್ಕೊಂದು ಸೊಪ್ಪಿನ ತಿಂಡಿ ಇಷ್ಟರಮಟ್ಟಿಗೆ ಕಿರಿದಾಗಿಸಿತು.

ಮೂರನೆಯದು ಚೆನ್ನೈ. ಆಗಲೇ ನಡುವಯಸ್ಸು ತಲುಪಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನು ಡಾ. ಎ. ರಾಮಚಂದ್ರನ್ ತಂಡ ಮೂರು ವರ್ಷ ಹಿಂಬಾಲಿಸಿತು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇ. 55ರಷ್ಟು ಮಂದಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ಗಂಟೆ ನಡೆದು, ಸಕ್ಕರೆ, ಎಣ್ಣೆ, ಪಾಲಿಶ್ ಮಾಡಿದ ಧಾನ್ಯ ಕಡಿಮೆ ಮಾಡಿದವರಲ್ಲಿ ಅದು ಶೇ. 39ಕ್ಕೆ ಇಳಿಯಿತು. ಸೋಜಿಗವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ. ಒಂದು ತಿಂಗಳು ನಡೆದು, ತಕ್ಕಡಿ ನೋಡಿ, ಬೇಸರದಿಂದ ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು.

ಕೊನೆಯ ಪಂಕ್ತಿಯ ಊಟ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 24 ಹೆಂಗಸರ, ಶೇ. 23ರಷ್ಟು ಗಂಡಸರ ಬಿಎಂಐ 25 ಅಥವಾ ಅದಕ್ಕೂ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ. ಈ ಎರಡು ಅಂಕಿಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಡುವ ಅಭ್ಯಾಸ ನಮಗಿದೆ. ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಜಿಮ್. ಮೈಸೂರಿನ ದಾಖಲೆಗಳು ಈ ಕಡತಗಳನ್ನು ಒಟ್ಟಿಗೆ ಓದಲು ಹೇಳುತ್ತವೆ.

ಹಾಗೆ ಓದಿದರೆ ಬೊಜ್ಜಿನ ತಡೆ ನಲವತ್ತರ ಗಂಡಸಿನ ಹೊಟ್ಟೆಯಿಂದ ಶುರುವಾಗುವುದಿಲ್ಲ. ಎಲ್ಲರ ಊಟ ಮುಗಿದ ಮೇಲೆ ತಳ ಹತ್ತಿದ ಸಾರಿನಲ್ಲಿ ಅನ್ನ ಕಲಸಿಕೊಳ್ಳುವ ಸೊಸೆಯ ತಟ್ಟೆಯಿಂದ ಶುರುವಾಗುತ್ತದೆ. ಅಣ್ಣನಿಗೆ ಹಾಲು, ತಂಗಿಗೆ ಕಾಫಿ ಎಂಬ ಮನೆಯ ಪದ್ಧತಿಯಿಂದ, ಬಸುರಿ ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹಳೆಯ ಮಾತಿನಿಂದ ಶುರುವಾಗುತ್ತದೆ. ಸಣ್ಣಗೆ ಹುಟ್ಟಿದ ಮಗುವನ್ನು ಮೂರು-ನಾಲ್ಕನೆಯ ವರ್ಷದಲ್ಲಿ ಬಿಸ್ಕತ್ತು, ಸಿಹಿ ತಿನ್ನಿಸಿ ಗುಂಡಗೆ ಮಾಡುವ ಅಕ್ಕರೆಯೂ ಈ ಲೆಕ್ಕಕ್ಕೇ ಸೇರುತ್ತದೆ.

ಪಡಿತರದಲ್ಲಿ ಬೇಳೆ, ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ, ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಊಟ ಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ಅದು ಬಡವರ ಹಸಿವಿನ ಪ್ರಶ್ನೆ ಎಂಬಂತೆ ಮಾತು ನಡೆಯುತ್ತದೆ. ಅದು ಮೂವತ್ತು ವರ್ಷಗಳ ನಂತರದ ಹೃದಯದ, ಸಕ್ಕರೆಯ, ಹೊಟ್ಟೆಯ ಸುತ್ತಳತೆಯ ಪ್ರಶ್ನೆಯೂ ಹೌದು. ನಮ್ಮ ಮಟ್ಟಿಗೆ ಮಾಡಬೇಕಾದ್ದು ದುಬಾರಿಯದಲ್ಲ: ತಕ್ಕಡಿಯ ಜೊತೆಗೆ ಒಂದು ದರ್ಜಿಯ ಟೇಪು, ಅನ್ನದ ರಾಶಿ ಸ್ವಲ್ಪ ಇಳಿದು ಸೊಪ್ಪು-ಬೇಳೆ ಏರಿದ ತಟ್ಟೆ, ದಿನಕ್ಕೆ ಅರ್ಧ ಗಂಟೆಯ ನಡಿಗೆ. ಮತ್ತು ಆ ಸೊಪ್ಪು-ಬೇಳೆ ಮನೆಯ ಹೆಣ್ಣುಮಗಳ ತಟ್ಟೆಗೂ ಅಷ್ಟೇ ಬಿದ್ದಿದೆಯೇ ಎಂದು ನೋಡುವುದು.